ಯಾವ ತಾರೀಖನ್ನು ನಂಬುವುದು?

ಹಳೆಯ ಫೈಲುಗಳು ತಾರೀಖಿನ ಪ್ರಕಾರ ತಾವಾಗಿಯೇ ಫೋಲ್ಡರ್ ಸೇರುವಂತೆ ಮಾಡುವ ಹುಚ್ಚು ಹತ್ತಿದವರಿಗೆ ಮೊದಲ ತಲೆನೋವು ತಾರೀಖೇ. ಒಂದೇ ಫೋಟೊಗೆ ಮೂರ್ನಾಲ್ಕು ಇರುತ್ತವೆ. ವಿಂಡೋಸ್‌ನಲ್ಲಿ ಪೆನ್‌ಡ್ರೈವ್‌ನಿಂದ ಒಂದು ಹಳೇ ಫೈಲನ್ನು ಕಾಪಿ ಮಾಡಿ ನೋಡಿ: ‘ಕ್ರಿಯೇಟೆಡ್’ ಎಂಬಲ್ಲಿ ಇವತ್ತಿನ ದಿನ, ‘ಮಾಡಿಫೈಡ್’ ಎಂಬಲ್ಲಿ ಹಿಂದೆಂದಿನದೋ. ಹುಟ್ಟುವ ಮೊದಲೇ ತಿದ್ದುಪಡಿ! ಮೊದಲನೆಯದನ್ನು ನಂಬಿದರೆ ಹತ್ತು ವರ್ಷದ ಚಿತ್ರಗಳೆಲ್ಲ ಈ ತಿಂಗಳ ಫೋಲ್ಡರಿಗೇ ಬಂದು ಬೀಳುತ್ತವೆ.

ಫೋಟೊಗಳ ಮಟ್ಟಿಗೆ ನಂಬಿಕಸ್ತ ಸಾಕ್ಷಿ ಎಕ್ಸಿಫ್. ಕ್ಲಿಕ್ಕಿಸಿದ ಗಳಿಗೆಯನ್ನು ಕ್ಯಾಮೆರಾ ಚಿತ್ರದ ಫೈಲಿನೊಳಗೇ ಬರೆದಿಡುತ್ತದೆ. ಕಾಪಿ ಮಾಡಿದರೆ ಅದು ಬದಲಾಗದು. (ಕ್ಯಾಮೆರಾದ ಗಡಿಯಾರ ಸರಿಯಿರಬೇಕು, ಅಷ್ಟೇ.) ಅದನ್ನು ಓದಲು ಫಿಲ್ ಹಾರ್ವೆ 2003ರಲ್ಲಿ ಹೊರತಂದ ಎಕ್ಸಿಫ್‌ಟೂಲ್ ಇದೆ. ಉಚಿತ, ಬಟನ್ನು ಗಿಟನ್ನು ಏನಿಲ್ಲ, ಆಜ್ಞೆ ಟೈಪ್ ಮಾಡಬೇಕು. ಒಂದೇ ಸಾಲು ಕೊಟ್ಟರೆ 2014, ಅದರೊಳಗೆ 08 ಎಂದು ಫೋಲ್ಡರುಗಳನ್ನು ತಾನೇ ಮಾಡಿಕೊಂಡು ಸಾವಿರಾರು ಚಿತ್ರಗಳನ್ನು ಸಾಗಿಸುತ್ತದೆ. ಏನನ್ನೂ ಕದಲಿಸದೆ ಹೊಸ ಹೆಸರನ್ನು ಬರೀ ತೋರಿಸುವ ‘ಟೆಸ್ಟ್‌ನೇಮ್’ ಕೂಡ ಇದೆ. ಅದನ್ನು ಓಡಿಸಿ ನೋಡದೆ ಮುಂದುವರಿಯುವವರ ಧೈರ್ಯ ನನಗಿಲ್ಲ.

ಈ ಲೆಕ್ಕವನ್ನೆಲ್ಲ ಕೆಡಿಸುವುದು ವಾಟ್ಸ್‌ಆ್ಯಪ್. ಫೋಟೊ ಎಂದು ಕಳಿಸಿದರೆ ಎಕ್ಸಿಫ್ ಮಾಯ. ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರಿನೊಳಗೆ 20240512 ಎಂದೇನೋ ಇರುತ್ತದೆ, ಆದರೆ ಅದು ಫೋನಿಗೆ ಬಂದ ದಿನ, ತೆಗೆದ ದಿನವಲ್ಲ. ಚಿಕ್ಕಮ್ಮ ನೆನಪಾಗಿ ಕಳಿಸಿದ 2012ರ ಗೃಹಪ್ರವೇಶ 2024ರ ಮೇ ತಿಂಗಳಲ್ಲಿ ನಡೆದಂತಾಗುತ್ತದೆ! ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ನೆಂಟರಿಗೆ ಹೇಳಿ ನೋಡಬಹುದು. ಕೇಳುವವರಾರು? ವಾಟ್ಸ್‌ಆ್ಯಪ್ ಚಿತ್ರಗಳಿಗೆ ನನ್ನಲ್ಲಿ ಬೇರೆಯೇ ಫೋಲ್ಡರು; ಅಲ್ಲಿ ವಿಂಗಡಣೆ ಕೈಯಿಂದಲೇ.

ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟುಗಳಿಗೆ ಎಕ್ಸಿಫ್‌ನ ಆಸರೆಯಿಲ್ಲ. ಉಳಿಸುವಾಗಲೇ ಹೆಸರಿನ ಮೊದಲಿಗೆ 2024-05-12 ಎಂದು ಬರೆದುಬಿಡಬೇಕು. 1988ರ ಐಎಸ್‌ಒ 8601 ಮಾನದಂಡದ ಕ್ರಮವಿದು. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಹೋಲಿಸುವುದರಿಂದ ವರ್ಷ ಮುಂದಿದ್ದರೆ ಸಾಲು ತಾನಾಗಿ ಸರಿಹೋಗುತ್ತದೆ. ನಮ್ಮ ರೂಢಿಯ 12-05-2024 ಇಟ್ಟರೋ, ಎಲ್ಲ ವರ್ಷಗಳ ಹನ್ನೆರಡನೇ ತಾರೀಖುಗಳು ಒಂದೆಡೆ ಗುಂಪು ಕಟ್ಟುತ್ತವೆ.

ದಿನಕ್ಕೊಂದು ಫೋಲ್ಡರ್ ಮಾಡುವವರಿದ್ದಾರೆ. ಅದು ಅತಿಯಾಯಿತು, ತಿಂಗಳಿಗೊಂದು ಸಾಕು. ವಿಂಗಡಿಸುವ ಆಜ್ಞೆಯನ್ನು ವಾರಕ್ಕೊಮ್ಮೆ ಓಡಿಸುವ ಹೊಣೆಯನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೋ ಲಿನಕ್ಸ್‌ನ ಕ್ರಾನ್‌ಗೋ ವಹಿಸಿ. ಆದರೆ ತಿಂಗಳು ದಾಟಿದ ಫೈಲುಗಳನ್ನಷ್ಟೇ ಮುಟ್ಟುವಂತೆ ನಿಯಮ ಹಾಕಿ. ಅರ್ಧಕ್ಕೆ ಬಿಟ್ಟ ಕೆಲಸ ರಾತ್ರೋರಾತ್ರಿ ಕಡತಾಗಾರ ಸೇರಿದರೆ ಸೋಮವಾರ ಬೆಳಗ್ಗೆ ಹುಡುಕಾಡಬೇಕಾದವರು ನೀವೇ.