ರಥಕ್ಕೆ ಗೋಪುರವಿದ್ದಾಗ

ಹಂಪಿಯ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರವಿತ್ತು. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ರಥಕ್ಕೆ ಅದಿಲ್ಲ. ಆನೆಗುಂದಿ ಕಡೆಯಿಂದ ಹೊಳೆ ದಾಟಿ ವಿಠ್ಠಲ ದೇವಾಲಯಕ್ಕೆ ಹೋಗುವವರು ನೋಡುವ ರಥಕ್ಕೂ ಇಲ್ಲ. ಅದನ್ನು ನೋಡಬೇಕೆಂದರೆ 1856ರ ಒಂದು ಫೋಟೊ ಹುಡುಕಬೇಕು. ತೆಗೆದವನು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ.

ಗ್ರೀನ್‌ಲಾ ಬಳಸಿದ ನೆಗೆಟಿವ್ ಮೇಣ ಹಚ್ಚಿದ ಕಾಗದದ್ದು. ಚಿತ್ರವನ್ನು ದೊಡ್ಡದು ಮಾಡಿ ಮುದ್ರಿಸುವ ಅನುಕೂಲ ಆಗ ಇರಲಿಲ್ಲ. ಮುದ್ರಣ ಎಷ್ಟು ದೊಡ್ಡದಾಗಬೇಕೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕಿತ್ತು. ಅವನ ಕಾಗದಗಳು ಒಂದೂವರೆ ಅಡಿಯ ಆಸುಪಾಸಿನವು. ಅಂಥ ಕಾಗದ ಹಿಡಿಸುವ ಪೆಟ್ಟಿಗೆಯನ್ನು ಬಂಡೆಗಳ ನಡುವೆ ಹೊರಿಸಿಕೊಂಡು ಹೋಗಿ, ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬಿಟ್ಟು, ವಿಜಯನಗರದ ಸುಮಾರು 60 ನೋಟಗಳನ್ನು ಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವನು ನಿಂತಿದ್ದ ಜಾಗಗಳನ್ನು ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಬಿದ್ದದ್ದು ಯಾವುದು, ಉಳಿದದ್ದು ಯಾವುದು, ಆಮೇಲೆ ಕಟ್ಟಿದ್ದು ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ಪ್ರವಾಸದ ಫೋಟೊ ಇಷ್ಟು ದೊಡ್ಡ ಕೆಲಸ ಮಾಡಬಲ್ಲದು.

ಯುರೋಪಿನಲ್ಲೂ ಈ ಕಥೆ ಶುರುವಾಗುವುದು ಹೀಗೆಯೇ. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಮೇಲಿನ ಕಿಟಕಿಯಿಂದ ಹಿಡಿದ. ಗಾಡಿಗಳು, ನಡೆದಾಡುವ ಜನ ಯಾರೂ ಚಿತ್ರ ಹಿಡಿಯುವ ತಟ್ಟೆಯ ಮೇಲೆ ಮೂಡಲಿಲ್ಲ. ಅಷ್ಟು ಹೊತ್ತು ಬೆಳಕು ಬಿಡಬೇಕಿತ್ತು. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬ ಮಾತ್ರ ಉಳಿದ. 1860ರ ದಶಕದಲ್ಲಿ ಅದೇ ನಗರದ ಹಳೆಯ ಓಣಿಗಳನ್ನು ಕೆಡವಿ ಅಗಲ ರಸ್ತೆ ಮಾಡುವಾಗ, ಹೋಗಲಿರುವುದನ್ನು ಚಿತ್ರದಲ್ಲಿ ಉಳಿಸಲು ಆಡಳಿತವೇ ಶಾರ್ಲ್ ಮಾರ್ವಿಲ್ ಎಂಬವನಿಗೆ ಕೆಲಸ ಕೊಟ್ಟಿತು. ಇಂದು ಅವನ ಚಿತ್ರಗಳು ಬೆಲೆಬಾಳುವುದು ಅರಮನೆ, ಚರ್ಚುಗಳಿಗಾಗಿ ಅಲ್ಲ. ಒದ್ದೆ ಕಲ್ಲುಹಾಸು, ಅಂಗಡಿಯ ಫಲಕ, ಗೋಡೆಯ ಜಾಹೀರಾತುಗಳಿಗಾಗಿ.

ಕೊಪ್ಪಳ, ಕುಷ್ಟಗಿ ಕಡೆಯವರಲ್ಲಿ ಮಕ್ಕಳನ್ನು ನೋಡಲೆಂದೋ ಪ್ಯಾಕೇಜ್ ಟೂರಿನಲ್ಲೋ ಲಂಡನ್, ಪ್ಯಾರಿಸ್ ಕಂಡುಬಂದವರು ಈಗ ಇದ್ದಾರೆ. ಅದಕ್ಕೂ ಮೊದಲು ಯುರೋಪೇ ಇಲ್ಲಿಗೆ ಬಂದಿತ್ತು, ಸ್ಟುಡಿಯೊ ಪರದೆಯಾಗಿ. ಅಮೃತಶಿಲೆಯ ಮೆಟ್ಟಿಲು, ಕಂಬಸಾಲು, ಹಿಮದ ಬೆಟ್ಟ ಬರೆದ ಪರದೆಯ ಮುಂದೆ ಹೊಸ ಜೋಡಿಗಳು ನಿಂತು ಫೋಟೊ ತೆಗೆಸಿಕೊಂಡರು. ಈಗ ಪರದೆ ಹೋಗಿ ನಿಜವಾದ ಐಫೆಲ್ ಗೋಪುರವೇ ಬಂದಿದೆ, ಆದರೆ ನಿಲ್ಲುವ ರೀತಿ ಬದಲಾಗಿಲ್ಲ: ನಡುವೆ ಮನುಷ್ಯ, ಹಿಂದೆ ಗೋಪುರ. ಆ ಚಿತ್ರ ಮನೆಯವರಿಗೆ ಬೇಕು, ಸರಿ. ಅದಾದ ಮೇಲೆ ಗೋಪುರಕ್ಕೆ ಬೆನ್ನು ಮಾಡಿ ಎದುರಿನ ಬೀದಿಯನ್ನೂ ಒಮ್ಮೆ ಹಿಡಿದರೆ ಪ್ರಯಾಣದ ನೆನಪು ಗಟ್ಟಿಯಾಗುತ್ತದೆ.

ಬೆಳಕಿನ ವಿಷಯದಲ್ಲಿ ಯುರೋಪು ಉದಾರಿ. ಜೂನ್ ಕೊನೆಗೆ ಲಂಡನ್ನಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ, ಸಂಜೆಯ ಹೊಂಬಿಸಿಲು ನಿಧಾನವಾಗಿ ಕರಗುತ್ತದೆ. ಡಿಸೆಂಬರಿನಲ್ಲಂತೂ ನಡುಹಗಲಿಗೂ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಗಿಂತ ಮೇಲೇರುವುದಿಲ್ಲ. ಇಡೀ ದಿನ ನೆರಳು ಉದ್ದ. ಕೊಪ್ಪಳ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಬಳಿ. ಮೇ ಮೊದಲ ವಾರದಲ್ಲಿ, ಆಗಸ್ಟ್ ಎರಡನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ. ಒಳ್ಳೆಯ ಬೆಳಕು ಬೆಳಿಗ್ಗೆ, ಸಂಜೆ ಸ್ವಲ್ಪ ಹೊತ್ತು ಮಾತ್ರ. ಹೀಗಾಗಿ ಇಲ್ಲಿ ಫೋಟೊ ಹೊಡೆಯುವವರು ಹೆಚ್ಚು ನುರಿತಿರಬೇಕು.

ಇಟಗಿಯ ಮಹಾದೇವ ದೇವಾಲಯವನ್ನೇ ನೋಡಿ. ಹಳೆಯ ಯಲಬುರ್ಗಾ ತಾಲ್ಲೂಕಿನ ಈ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎನ್ನುತ್ತದೆ. ನಡುಮಧ್ಯಾಹ್ನ ಕಾರು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಅದರ ಕೆತ್ತನೆ ಚಪ್ಪಟೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ಎಳೆಬಿಸಿಲು ಓರೆಯಾಗಿ ತಾಗುತ್ತದೆ. ಆಗ ಒಂದೊಂದು ಬಳ್ಳಿ, ಒಂದೊಂದು ಪುಟ್ಟ ಗೋಪುರವೂ ಗೋಡೆಯಿಂದ ಎದ್ದು ಬರುತ್ತದೆ. ಪ್ಯಾರಿಸ್ಸಿಗೆ ಹೊರಟವರು ಮೊದಲು ಇಟಗಿಯಲ್ಲಿ ಒಂದು ಬೆಳಗು ಕಳೆದರೆ, ನೋತ್ರ್ ದಾಮ್‌ನ ಗೋಡೆಯನ್ನು ಹೇಗೆ ನೋಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಆನೆಗುಂದಿ. 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇಲ್ಲಿ ಜನ ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟ. ಆ ಹರಿಗೋಲು ಇಂದಿಗೂ ಪ್ರವಾಸಿಗರ ಕ್ಯಾಮೆರಾಕ್ಕೆ ಬಲು ಪ್ರಿಯ. ಹಾಗೆ ಇಂದಿನವರೆಗೆ ಉಳಿಯುವ ಭಾಗ್ಯ ವಿರೂಪಾಪುರ ಗಡ್ಡೆಯ ಬೀದಿಗೆ ಇರಲಿಲ್ಲ. ಗಂಗಾವತಿ ತಾಲ್ಲೂಕಿನ ಈ ನಡುಗಡ್ಡೆಯಲ್ಲಿ ವಿದೇಶಿಯರಿಗೆಂದೇ ಹುಲ್ಲುಚಾವಣಿಯ ರೆಸಾರ್ಟು, ಹೋಟೆಲುಗಳು ಸಾಲಾಗಿದ್ದವು. ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ್ದರಿಂದ ಅವುಗಳ ತೆರವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚಿನಲ್ಲಿ ನೆಲಸಮವಾದವು. ಕೋರ್ಟು ಹೇಳಿದ್ದು ಸರಿಯೇ. ಆದರೂ ಅಲ್ಲಿ ಅಡುಗೆ ಮಾಡಿದ, ಬೈಕ್ ಬಾಡಿಗೆ ಕೊಟ್ಟ, ಹರಿಗೋಲು ನಡೆಸಿದ ಊರವರ ಒಂದಿಷ್ಟು ವರ್ಷಗಳೂ ಅಲ್ಲಿದ್ದವು. ಊರವರು ತಮ್ಮ ಬೀದಿಯ ಫೋಟೊ ಯಾಕೆ ತೆಗೆದಾರು? ದಿನಾ ನೋಡುವುದಲ್ಲವೇ. ತೆಗೆದವರು ಬಂದುಹೋದ ಪ್ರವಾಸಿಗರು. ಗಡ್ಡೆಯ ಆ ಬೀದಿಯನ್ನು ಈಗ ಮರಳಿ ಕಾಣಬೇಕಾದರೆ ಪ್ಯಾರಿಸ್, ಬರ್ಲಿನ್ನಿನ ಮನೆಗಳ ಹಳೆಯ ಆಲ್ಬಂಗಳನ್ನು ತೆರೆಸಬೇಕು.