ಸೂರಿನ ರಿಪೇರಿ, ಆತ್ಮದ ರಿಪೇರಿ

ಇವಾನ್ ಇಲ್ಲಿಚ್ 1968ರ ಏಪ್ರಿಲ್ 20ರಂದು ಮಾಡಿದ ಭಾಷಣವನ್ನು ನಾವು ಕೆಲವರು ಕೂತು ಓದಿದೆವು. ಅವನ ಎದುರಿಗಿದ್ದವರು ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆ ಮಾಡಲು ಹೊರಟ ಅಮೆರಿಕದ ವಿದ್ಯಾರ್ಥಿಗಳು. ಮಾತಾಡಿದವನೂ ಕ್ಯಾಥೊಲಿಕ್ ಪಾದ್ರಿಯೇ. ಕಲಿಯುವವರಾಗಿ ಬಂದರೆ ಅಡ್ಡಿಯಿಲ್ಲ, ಉಪಕಾರಿಗಳಾಗಿ ಬರುವುದು ಬೇಡ ಅನ್ನುವುದು ಆತನ ಮಾತಿನ ತಿರುಳು. ಬಡವರ ಸೇವೆ ಮಾಡಲೇಬೇಕೆಂದಿದ್ದರೆ ನಿಮ್ಮ ಭಾಷೆ ಬಲ್ಲ ಬಡವರ ಹತ್ತಿರ ಹೋಗಿ, ಅವರು ಬೈದರೆ ನಿಮಗದು ತಿಳಿದೀತು, ಎಂದೂ ಆತ ಸೂಚಿಸಿದ.

ಈ ಮಾತು ನಮಗೆ ಹೊಸದಲ್ಲ. ನಮ್ಮ ಕೇರಿಗಳಿಗೂ ಶಿಬಿರದ ಹುಡುಗರು ಬಂದಿದ್ದಾರೆ. ಚರಂಡಿ ಬಳಿದು, ಫೋಟೋ ತೆಗೆಸಿಕೊಂಡು, ನಮ್ಮ ಮನೆಯ ನೀರು ಕುಡಿಯದೆ ಹೋಗಿದ್ದಾರೆ. ಹಾಗಾಗಿ ಇಲ್ಲಿಚ್‌ನ ಸಿಟ್ಟು ನಮಗೆ ಒಗ್ಗುತ್ತದೆ. ಆದರೆ ಅಷ್ಟಕ್ಕೇ ಚಪ್ಪಾಳೆ ತಟ್ಟಿ ಏಳುವ ಹಾಗಿಲ್ಲ.

ಮರುವರ್ಷವೇ, 1969ರಲ್ಲಿ, ಗ್ಲೆನ್ ಇವಾನ್ಸ್ ಎಂಬ ಮೆಥೊಡಿಸ್ಟ್ ಪಾದ್ರಿ ಕೆಂಟಕಿಯಲ್ಲಿ ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್ ಶುರು ಮಾಡಿದರು. ಚರ್ಚುಗಳ ಹುಡುಗ ಹುಡುಗಿಯರು ವಾರದ ಮಟ್ಟಿಗೆ ಬಂದು ಬೆಟ್ಟಸೀಮೆಯ ಬಡವರ ಮನೆ ರಿಪೇರಿ ಮಾಡುತ್ತಾರೆ. ಇಂದಿಗೂ ನಡೆಯುತ್ತಿರುವ ಕೆಲಸ ಇದು. ದೇಶವೂ ಒಂದೇ, ಭಾಷೆಯೂ ಒಂದೇ. ಇಲ್ಲಿಚ್ ಕೇಳಿದ್ದು ಅರ್ಧ ಸಿಕ್ಕಿತು. ಹಾಗಾದರೆ ಅಲ್ಲಿನ ಬಡವ ಬಾಯಿಬಿಟ್ಟು ಬೈಯಬಲ್ಲನೆ?

ಇಲ್ಲೇ ಇರೋದು ಗಂಟು. ಈ ಶಿಬಿರಗಳನ್ನು ಬೇಸಿಗೆ ಪೂರ್ತಿ ನಿಂತು ನಡೆಸುವವರು ಕಾಲೇಜು ವಯಸ್ಸಿನ ಸಿಬ್ಬಂದಿ. ಮರ, ತಗಡು, ಮೊಳೆ ತರೋರು ಅವರೇ, ರಾತ್ರಿ ಪ್ರಾರ್ಥನೆ ನಡೆಸೋರೂ ಅವರೇ. ವಾರಕ್ಕೊಂದು ಗುಂಪು ಬಂದು ಹೋಗುತ್ತದೆ, ಅರ್ಧ ಆದ ಸೂರಿನ ಕೆಳಗೆ ಆ ಸಂಸಾರಕ್ಕೆ ಜವಾಬು ಹೇಳಬೇಕಾದೋರು ಇವರು. ಈ ದುಡಿಮೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಸೋರುವ ಮನೆಯಲ್ಲಿ ಮಲಗಿ ಎದ್ದವರಿಗೆ ತಗಡಿನ ಬೆಲೆ ಗೊತ್ತು.

ಆದರೆ ಯಾರ ಮನೆ ಮೊದಲು, ಯಾರದು ಬೇಡ ಎಂದು ಮನೆ ಮನೆ ನೋಡಿ ತೀರ್ಮಾನಿಸುವುದೂ ಇವರೇ. ಇಪ್ಪತ್ತು ವರ್ಷದ ಹುಡುಗಿ ಕಾಗದ ಹಿಡಿದು ಅಜ್ಜಿಯ ಜಗಲಿಯ ಮೇಲೆ ನಿಂತಾಗ ಅಜ್ಜಿ ಬೈತಾಳೆಯೆ? ಸೂರು ಬೇಕಾದವಳು ನಗಲೇಬೇಕು. ಆ ನಗುವೇ ರಾತ್ರಿಯ ಪ್ರಾರ್ಥನೆಯಲ್ಲಿ ಸಾಕ್ಷಿಯಾದರೆ ಏನಾಗುತ್ತೆ? ಬಡವರು ಎಷ್ಟು ಸಂತೋಷವಾಗಿದ್ದಾರೆ ನೋಡಿ ಎಂದು ಬಂದವರು ಕಣ್ಣೊರೆಸಿಕೊಳ್ಳುತ್ತಾರೆ. ಸೂರು ಅಜ್ಜಿಯದು, ಆತ್ಮದ ರಿಪೇರಿ ಬಂದವರದು.

ಆ ಸೂರು ಸೋರಿದ್ದು ಯಾಕೆ? 1977ರ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಲು ಜಾಗವೇ ಸಿಗಲಿಲ್ಲ, ನೆಲವೆಲ್ಲ ಕಂಪನಿಗಳ ಕೈಯಲ್ಲಿತ್ತು. ಆಗ ಅಲ್ಲಿನ ಜನರೇ ಕಚೇರಿಗಳ ದಫ್ತರ ಬಿಚ್ಚಿದರು. ಆರು ರಾಜ್ಯಗಳ 80 ಕೌಂಟಿಗಳ ಭೂಮಿ ಲೆಕ್ಕವನ್ನು 1981ರಲ್ಲಿ ಜನರ ಮುಂದಿಟ್ಟರು. ನೆಲದ, ನೆಲದಡಿಯ ಕಲ್ಲಿದ್ದಲಿನ ಬಹುಪಾಲು ಹೊರಗಿನವರ, ಕಂಪನಿಗಳ ವಶದಲ್ಲಿದ್ದದ್ದು ಬಯಲಾಯಿತು. ಇದು ದೇವರ ಇಚ್ಛೆಯಲ್ಲ, ನೋಂದಣಿ ಪತ್ರದ ಕೆಲಸ. ರಾತ್ರಿಯ ಪ್ರಾರ್ಥನೆಯಲ್ಲಿ ಈ ಲೆಕ್ಕವನ್ನೂ ಓದಬೇಕೆಂದು ನಾವು ಕೇಳುತ್ತೇವೆ. ಅದನ್ನು ಬಿಟ್ಟು ಬರೀ ಕರುಣೆ ಓದಿದರೆ ಕಂಪನಿಗೆ ನೆಮ್ಮದಿ.

ಅದೇ ಬೆಟ್ಟಸೀಮೆಯಲ್ಲಿ ಇನ್ನೊಂದು ಬೇಸಿಗೆಯೂ ಇತ್ತು. ಟೆನೆಸ್ಸಿಯ ಹೈಲ್ಯಾಂಡರ್ ಶಾಲೆ 1932ರಿಂದ ದುಡಿಯುವವರನ್ನೇ ಕೂರಿಸಿ, ಅವರ ಮಾತನ್ನೇ ಪಾಠ ಮಾಡಿತು. 1955ರ ಬೇಸಿಗೆಯಲ್ಲಿ ರೋಸಾ ಪಾರ್ಕ್ಸ್ ಅಲ್ಲಿಗೆ ಬಂದಿದ್ದರು. ಅದೇ ಡಿಸೆಂಬರಿನಲ್ಲಿ ಅವರು ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಅಲ್ಲಿ ಯಾರೂ ಯಾರನ್ನೂ ಉದ್ಧಾರ ಮಾಡಿರಲಿಲ್ಲ.

ಇಲ್ಲಿಚ್ ಹೋಗಿ ಅಂದ. ನಾವು ಹೋಗಿ ಅನ್ನೋದಿಲ್ಲ. ಮೊಳೆ ಹೊಡೆಯಿರಿ, ಆದರೆ ಯಾರ ಮನೆ ಮೊದಲು ಅನ್ನುವ ಕಾಗದವನ್ನು ಆ ಊರಿನವರ ಕೈಗೇ ಕೊಡಿ. ಆಗ ಆ ಅಜ್ಜಿ ಬೈದರೂ ಬೈದಾಳು. ಬೈಗುಳ ಕೇಳಿಯೂ ಏಣಿ ಹತ್ತುವವರು ಮಾತ್ರ ನಮ್ಮ ಕೇರಿಗೂ ಬರಲಿ.