ಚಿನ್ನದ ಕಣ, ಬೆಳಕು ಮತ್ತು ಕ್ಯಾನ್ಸರ್: ಭರವಸೆ ಎಷ್ಟು?

ಚಿನ್ನದ ನ್ಯಾನೊಕಣಗಳನ್ನು ದೇಹಕ್ಕೆ ಸೇರಿಸಿ ಬೆಳಕು ಹಾಯಿಸಿದರೆ ಉಗ್ರ ಕ್ಯಾನ್ಸರೂ ಸುಟ್ಟುಹೋಗುತ್ತದೆ ಎಂಬ ಬರಹಗಳನ್ನು ನೀವು ಓದಿರಬಹುದು. ಈ ಮಾತನ್ನು ಒರೆಗೆ ಹಚ್ಚಿ ನೋಡೋಣ.

ತತ್ತ್ವದಲ್ಲಿ ದೋಷವಿಲ್ಲ. ಸಿಲಿಕಾ ಗೋಳದ ಮೇಲೆ ಚಿನ್ನದ ತೆಳು ಕವಚವಿರುವ ಈ ಕಣದ ವ್ಯಾಸ ಸುಮಾರು 150 ನ್ಯಾನೊಮೀಟರ್. ಕವಚದ ದಪ್ಪವನ್ನು ಹೊಂದಿಸಿದರೆ ಚಿನ್ನದ ಎಲೆಕ್ಟ್ರಾನುಗಳು ಸುಮಾರು 800 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಬೆಳಕಿಗೆ ಅನುರಣಿಸುತ್ತವೆ. ಹೀರಿದ ಶಕ್ತಿ ಶಾಖವಾಗಿ ಸುತ್ತಲಿನ ಕೋಶಗಳನ್ನು ಕೊಲ್ಲುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನಯೋಮಿ ಹಾಲಸ್ ಮತ್ತು ಜೆನಿಫರ್ ವೆಸ್ಟ್ ಅವರ ತಂಡ 2003ರಲ್ಲಿಯೇ ಇಲಿಗಳಲ್ಲಿ ಇದನ್ನು ತೋರಿಸಿತು.

ತೊಡಕು ಇರುವುದು ‘ಉಗ್ರ’ ಎಂಬ ವಿಶೇಷಣದಲ್ಲಿ. 2019ರಲ್ಲಿ ವರದಿಯಾದ ಮಾನವ ಪರೀಕ್ಷೆಯಲ್ಲಿದ್ದವರು 16 ಮಂದಿ. ಅವರದು ಪ್ರಾಸ್ಟೇಟ್ ಗ್ರಂಥಿಯೊಳಗೇ ಇದ್ದ, ಕಡಿಮೆ ಅಥವಾ ಮಧ್ಯಮ ಅಪಾಯದ ಕ್ಯಾನ್ಸರ್. ಫಲಿತಾಂಶ ಆಶಾದಾಯಕವಾಗಿಯೇ ಇತ್ತು. ಆದರೆ ಬೆಳಕನ್ನು ಹೊರಗಿನಿಂದ ಹಾಯಿಸಲಿಲ್ಲ. ಆಪ್ಟಿಕಲ್ ಫೈಬರನ್ನು ಗ್ರಂಥಿಯೊಳಕ್ಕೇ ತೂರಿಸಿದರು. ಏಕೆಂದರೆ ಅಂಗಾಂಶದಲ್ಲಿ ಅವಕೆಂಪು ಬೆಳಕೂ ಚೆದರಿ ಕೆಲವು ಮಿಲಿಮೀಟರುಗಳಲ್ಲೇ ಕ್ಷೀಣಿಸತೊಡಗುತ್ತದೆ. ಉಗ್ರ ಕ್ಯಾನ್ಸರಾದರೋ ಮೂಳೆ, ಯಕೃತ್ತು, ಶ್ವಾಸಕೋಶಗಳಿಗೆ ಹರಡುತ್ತದೆ. ಎಲ್ಲಿದೆಯೆಂದೇ ತಿಳಿಯದ ಕೋಶದ ಮೇಲೆ ಬೆಳಕು ಬೀರುವುದು ಹೇಗೆ? ಕಣಗಳಿಗೂ ದಾರಿ ಸುಲಭವಲ್ಲ. ಹತ್ತು ವರ್ಷಗಳ ಪ್ರಯೋಗಗಳನ್ನು ಟೊರಾಂಟೊದ ವಾರನ್ ಚಾನ್ ತಂಡ 2016ರಲ್ಲಿ ಪರಿಶೀಲಿಸಿದಾಗ, ಚುಚ್ಚಿದ ನ್ಯಾನೊಕಣಗಳಲ್ಲಿ ಗಂತಿ ತಲಪಿದ್ದು ಮಧ್ಯಾಂಕದ ಲೆಕ್ಕದಲ್ಲಿ ಶೇ. 0.7 ಮಾತ್ರ.

ಇಂಥ ಬರಹ ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ರೋಗಿ ಕಳೆದುಕೊಳ್ಳುವುದು ಮರಳಿ ಬಾರದ ಸಮಯವನ್ನು. ಆದ್ದರಿಂದ ಮುಂದಿನ ಸಲ ಮೂರು ಪ್ರಶ್ನೆ ಕೇಳಿ: ಪರೀಕ್ಷೆ ನಡೆದದ್ದು ಇಲಿಯಲ್ಲೋ ಮನುಷ್ಯರಲ್ಲೋ? ಎಷ್ಟು ಮಂದಿಯಲ್ಲಿ? ಬೆಳಕು ತಲಪಿದ್ದು ಎಲ್ಲಿಯವರೆಗೆ?